ಅಂಗಾಲಿಗೆ ಒಂದು ಬೆರಳು

ಈಜುಕೊಳದ ತಳದ ಕರಿಯ ಪಟ್ಟೆ ಅಲುಗುತ್ತಿದೆ, ಅಲುಗುವುದು ಪಟ್ಟೆಯಲ್ಲ, ಬೆಳಕು, ಬೆಳಕೂ ಅಲ್ಲ, ನೀರು, ಅಥವಾ ನೀರೂ ಅಲ್ಲ, ಅರವತ್ತೆರಡು ತುಂಬಿದ ಈ ಕಣ್ಣುಗಳೇ ಇರಬೇಕು — ಗುರುಪಾದಪ್ಪ ಉಸಿರು ಬಿಟ್ಟ, ಗುಳ್ಳೆಗಳು ಕೆನ್ನೆ ಸವರಿ ಕಿವಿಯ ಹಿಂದೆ ಸರಿದವು, ಬಲಗೈ ಹೋಯಿತು, ಎಡಗೈ ಬಂತು, ಹಗ್ಗದ ಕೆಂಪು ಬಿಲ್ಲೆಗಳು ಒಂದೊಂದಾಗಿ ಹಿಂದೆ ಉಳಿದವು, ಎಡಕ್ಕಿರು, ಹೋಗುವಾಗ ನಿನ್ನ ಎಡ, ಬರುವಾಗಲೂ ನಿನ್ನ ಎಡ, ನಡುವಿನ ಪಟ್ಟೆ ದಾಟಬೇಡ, ಮೂರು ತಿಂಗಳಲ್ಲಿ ಮೈಗೆ ಹತ್ತಿದ ಈ ಕಟ್ಟಳೆ ಈಗ ಉಸಿರಿನಷ್ಟೇ ಸಹಜ, ಆದರೆ ಕಾಲುಗಳು, ಕಾಲುಗಳೇ ಮಾತು ಕೇಳುವುದಿಲ್ಲ, ಎರಡು ಅಂಗಾಲುಗಳೂ ಹಿಂದಕ್ಕೆ ಕಿವಿಗೊಟ್ಟು ಕಾಯುತ್ತಿವೆ, ಈಗ ಬಂದೀತು, ಈ ಸುತ್ತಿನಲ್ಲಿ ಬಂದೀತು, ನಡು ಅಂಗಾಲಿಗೆ ತಣ್ಣನೆಯ ಒಂದು ಬೆರಳು, ಒಂದೇ ಸಲ, ದಾರಿ ಬಿಡಿ ಎನ್ನುವ ಬೆರಳು — ಇವತ್ತು ಬರುವುದಿಲ್ಲ, ಕಾಲುಗಳಿಗೆ ಅದನ್ನು ಯಾರು ಹೇಳಬೇಕು, ಇವತ್ತು ಅವಳು ಮುಂದಿದ್ದಾಳೆ, ಬೀರಣ್ಣನೇ ಮುಂದೆ ಹಾಕಿದ್ದಾನೆ, ಮತ್ತು ಇವತ್ತೇ ಕಡೆಯ ದಿನ.

ಬೆಳಗಿನ ಆರೂವರೆ, ಎಲ್ಲರೂ ಕಟ್ಟೆಯ ಮೇಲೆ ತೋಳು ತಿರುಗಿಸುತ್ತ ನಿಂತಿದ್ದಾಗ ಬೀರಣ್ಣ ಬಂದಿದ್ದ, ಈಜು ಕಲಿಸುವವನು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಎಲ್ಲರನ್ನೂ ಗದರುವವನು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಕೇಳ್ರಿಲ್ಲೆ, ಪ್ರಮಿಳಾ ಮೇಡಂಗ ಖಾನಾಪುರದ ಸಾಲಿಗೆ ಬದಲಿ ಆಗೇತಿ, ಇನ್ನ ಮ್ಯಾಲೆ ಬರಂಗಿಲ್ಲ, ಅದಕ್ಕ ಇವತ್ತ ಮೂರನೇ ಲೇನ್ ಅವರದು, ಮೇಡಂ ಮುಂದ, ನಡುವ ಮುತ್ತಪ್ಪಣ್ಣ, ಗುರುಪಾದಪ್ಪನವರ, ನೀವು ಎಲ್ಲಾರ ಹಿಂದ — ಹಿಂದ ಯಾಕೋ ಬೀರಣ್ಣಾ, ಎಂದು ಗುರುಪಾದಪ್ಪನ ಬಾಯಿಂದ ಬಂದೇಬಿಟ್ಟಿತು — ಯಾಕಂದ್ರ ಮೂರ ತಿಂಗಳಾತ್ರಿ ನಾ ಬಡಕೊಳ್ಳಾಕತ್ತು, ಸಾವಕಾಶ ಈಜಾವ್ರು ಹಿಂದ ಇರಬೇಕು, ನೀವು ದಿನಾ ಓಡಿ ಹೋಗಿ ಮುಂದ ನಿಂದರ್ತೀರಿ, ಮೇಡಂ ಪಾಪ ನಿಮ್ಮ ಹಿಂದ ಬ್ರೇಕ್ ಹಾಕ್ಕೋತ ಬರಬೇಕು, ಇವತ್ತರೇ ಅವರು ಒಂದಿಷ್ಟು ಕೈ ಬಿಚ್ಚಿ ಈಜ್ಲಿ. ಗಣಪತ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮುತ್ತಪ್ಪ ಹೊಟ್ಟೆ ಕುಣಿಸಿ ನಕ್ಕ, ಇವರದು ಮಾಲಗಾಡಿ ಐತೋ ಬೀರಣ್ಣಾ, ಹಿಂದ ಎಕ್ಸ್‌ಪ್ರೆಸ್ ಬಂದು ಸೀಟಿ ಹೊಡದ್ರೂ ದೇಸೂರ ಸ್ಟೇಷನ್ ಬರೂತನಾ ಬಾಜೂಕ ಸರಿಯಂಗಿಲ್ಲ, ಅದಕ್ಕೆ ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ, ಕೂದಲನ್ನು ರಬ್ಬರಿನ ಟೋಪಿಯೊಳಗೆ ತುರುಕುತ್ತ, ಇರ್ಲಿ ಬಿಡ್ರಿ ಸರ, ಅವರು ಹ್ಯಾಂಗ ಬರ್ತಾರ ಹಂಗ ಬರ್ಲಿ, ನಂದೇನೂ ಗಡಿಬಿಡಿ ಇಲ್ಲ, ಎಂದಳು, ಗುರುಪಾದಪ್ಪನ ಕಡೆ ನೋಡದೆ, ನೀರನ್ನು ನೋಡುತ್ತ. ಈ ಕಟ್ಟೆಯ ಮೇಲೆ ಯಾರಿಗೂ ಗೊತ್ತಿಲ್ಲ, ಪ್ರಮಿಳಾ ಮೇಡಂ ಅವನ ಮಗಳು ಎಂದು. ಅವಳು ಹೇಳಲಿಲ್ಲ, ಅವನೂ ಹೇಳಲಿಲ್ಲ, ಮೂರು ತಿಂಗಳು ಒಂದೇ ನೀರನ್ನು ಇಬ್ಬರೂ ಬಾಯಲ್ಲಿ ತುಂಬಿಕೊಂಡು ಉಗುಳಿದ್ದಾರೆ, ಮೊದಲ ದಿನದ ಒಂದು ನಮಸ್ಕಾರ ಬಿಟ್ಟರೆ ಒಂದು ಮಾತೂ ಆಡಿಲ್ಲ.

ಗೋಡೆ ಬಂತು, ಮುಟ್ಟಿದ, ತಿರುಗಿದ, ಎದುರಿನಿಂದ ಅವಳು ಬರುತ್ತಿದ್ದಾಳೆ, ಆಗಲೇ ಅರ್ಧ ಸುತ್ತು ಮುಂದೆ, ಒಂದು ತೋಳು, ಒಂದು ಭುಜ, ಈಜುಗನ್ನಡಕದ ನೀಲಿ ಗಾಜು, ನೀರಿನ ಒಂದು ಏರು ಎದೆಗೆ ತಾಗಿ ಹೋಯಿತು, ಅಷ್ಟೇ, ಅವಳು ಅತ್ತ, ಇವನು ಇತ್ತ, ಬೀರಣ್ಣ ತನ್ನ ಕೈಯಾರೆ ಗೋಡೆಯ ಮೇಲೆ ಬರೆದಿಟ್ಟ ಕಟ್ಟಳೆಯಂತೆ ಒಬ್ಬರಿಗೊಬ್ಬರು ತಾಗದೆ, ಎಡಕ್ಕೆ ಇರಿ, ಮುಂದಿನವರು ಹೊರಟ ಮೇಲೆ ಹತ್ತು ಎಣಿಸಿ ಹೊರಡಿ, ನಡುನೀರಿನಲ್ಲಿ ನಿಲ್ಲಬೇಡಿ, ಮುಂದೆ ಹೋಗಬೇಕಾದರೆ ಮುಂದಿನವರ ಅಂಗಾಲನ್ನು ಒಮ್ಮೆ ಮುಟ್ಟಿ, ಮುಟ್ಟಿಸಿಕೊಂಡವರು ಗೋಡೆಯ ತನಕ ಬಂದು, ಮೂಲೆಗೆ ಸರಿದು, ಕಾಲು ಒಳಕ್ಕೆ ಎಳೆದುಕೊಂಡು ದಾರಿ ಬಿಡಿ — ಕಾಲು ಒಳಕ್ಕೆ ಎಳೆದುಕೊಂಡು — ಅದನ್ನು ಮೊದಲ ದಿನ ಓದಿದಾಗ ಅವನಿಗೆ ಚಳಿ ಹತ್ತಿತ್ತು, ಜನವರಿಯ ಚಳಿ ಎಂದುಕೊಂಡಿದ್ದ. ಅದೇ ದಿನ, ಕಾಲು ತೊಳೆಯುವ ಕಟ್ಟೆಯ ಹತ್ತಿರ, ಅವಳು ಎದುರಾದದ್ದು, ನಿಂತಳು, ಗದ್ದದಿಂದ ಒಂದು ಹನಿ ಇಳಿದು ಇಳಿಯದೆ ತೂಗಾಡಿತು, ಇವರು ಗುರುಪಾದಪ್ಪನವರು ಅಂತ, ಉದ್ಯಮಬಾಗದ ಫೌಂಡ್ರಿಯೊಳಗ ಇದ್ರು, ಈಗ ರಿಟೈರ್ ಆಗ್ಯಾರ, ಎಂದು ಬೀರಣ್ಣ ಪರಿಚಯಿಸಿದ, ಅವಳು, ನಮಸ್ಕಾರ ಸರ, ಎಂದಳು. ಸರ. ನಾಲ್ಕು ವರ್ಷದ ಮೇಲೆ ಕೇಳಿದ ದನಿ. ಸ್ವಲ್ಪ ದಪ್ಪವಾಗಿದೆ, ಸಾಲಿಯ ಬಯಲಿನಲ್ಲಿ ಹುಡುಗಿಯರಿಗೆ ಡ್ರಿಲ್ ಹೇಳಿಸಿ ಹೇಳಿಸಿ ಇರಬೇಕು.

ಮತ್ತು ಆ ದಿನವೇ, ಏನೂ ಅರಿಯದೆ ಲೇನಿನಲ್ಲಿ ಎಲ್ಲರಿಗಿಂತ ಮುಂದೆ ಹೊರಟಿದ್ದಾಗ, ಹಿಂದಿನಿಂದ ಅಂಗಾಲಿಗೆ ಬೆರಳು ಬಂತು, ಬರೆದಿದ್ದೆಲ್ಲ ಮರೆತುಹೋಯಿತು, ಮೈಗೆ ಗೊತ್ತಿದ್ದದ್ದು ಒಂದೇ, ಚಿಕ್ಕವರು ಕಾಲು ಮುಟ್ಟಿದರೆ ದೊಡ್ಡವರು ನಿಲ್ಲಬೇಕು, ತಲೆಯ ಮೇಲೆ ಕೈ ಇಟ್ಟು ನಾಲ್ಕು ಒಳ್ಳೆಯ ಮಾತು ಹೇಳಬೇಕು, ಅವನು ನಡುನೀರಿನಲ್ಲಿ ನಿಂತುಬಿಟ್ಟ, ತಿರುಗಿ ಬಲಗೈ ಎತ್ತಿದ, ಸುಖವಾಗಿರವ್ವಾ ಎನ್ನಲು ಬಾಯಿ ತೆರೆದ, ಬಾಯಿಗೆ ನೀರು ನುಗ್ಗಿತು, ಮುತ್ತಪ್ಪ ಬಂದು ಪಕ್ಕೆಗೆ ಗುದ್ದಿದ, ಕೆಮ್ಮು, ಔಷಧಿಯ ನೀರಿನ ಘಾಟು, ಬೀರಣ್ಣನ ಸೀಟಿ, ಏನ್ರೀ ಇದು, ದಾರಿ ಕೇಳಿದ್ರ ಆಶೀರ್ವಾದ ಮಾಡಾಕ ನಿಂತೀರಲ್ಲ, ಇದೇನ ಮದವಿ ಮನೀ ಏನ್ರೀ, ಕಟ್ಟೆಯೆಲ್ಲ ನಕ್ಕಿತು, ಅವನೂ ನಕ್ಕ, ಕಣ್ಣುಜ್ಜಿಕೊಂಡು ನೋಡಿದರೆ ಅವಳು ಇಲ್ಲ, ನೀರಿನ ಕೆಳಗೆ ಮುಳುಗಿದ್ದಳು, ಬಹಳ ಹೊತ್ತು ಮೇಲೆ ಬರಲಿಲ್ಲ, ಬಂದಾಗ ಆಚೆಯ ಗೋಡೆಯ ಹತ್ತಿರ ಬಂದಳು. ನಾಲ್ಕು ವರ್ಷ ಗಂಟಲಿನಲ್ಲಿ ಕುಳಿತಿದ್ದ ಒಂದು ಮಾತು, ಅದು ಹೊರಬರಲು ಆರಿಸಿಕೊಂಡ ಜಾಗ ಎಂಥದು! ಆಮೇಲೆ ಅವನು ಕಲಿತ, ನಿಲ್ಲಬಾರದು, ತಿರುಗಬಾರದು, ಮಾತಾಡಬಾರದು, ಗೋಡೆಗೆ ಹೋಗಿ ಮೂಲೆ ಸೇರಬೇಕು, ಆದರೆ ಇನ್ನೂ ಒಂದನ್ನು ಕಲಿತ, ಮುಂದೆ ಇದ್ದು ಮೆಲ್ಲಗೆ ಈಜಿದರೆ ಅವಳು ಮುಟ್ಟಲೇಬೇಕು, ಕಟ್ಟಳೆಯೇ ಹಾಗಿದೆ, ಮುಟ್ಟದೆ ಅವಳಿಗೆ ದಾರಿಯಿಲ್ಲ. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಗುರುಪಾದಪ್ಪ ಎಲ್ಲರಿಗಿಂತ ಮೊದಲು ನೀರಿಗೆ ಇಳಿದ, ಮೂರನೆಯ ಲೇನಿನ ತುದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ, ಕಳ್ಳನ ಹಾಗೆ ಮೆಲ್ಲಗೆ ಈಜಿದ. ಇಷ್ಟ ವರ್ಷ ಆದ ಮ್ಯಾಲ ಚಡ್ಡಿ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ, ಸಂಧಿವಾತಕ್ಕ ಅಂತೀರಿ, ನಿಮಗ ಸಂಧಿವಾತ ಎಂದ ಇತ್ರೀ, ಎಂದು ಹೆಂಡತಿ ಗೌರವ್ವ ಮೊದಲ ವಾರ ಚುಚ್ಚಿದಳು, ಎರಡನೆಯ ವಾರ ಸುಮ್ಮನಾದಳು, ಮೂರನೆಯ ವಾರ ಟವೆಲಿನ ಚೀಲದಲ್ಲಿ ನಾಲ್ಕು ಶೇಂಗಾ ಹೋಳಿಗೆ, ಅವನು ಶೇಂಗಾ ಹೋಳಿಗೆ ತಿನ್ನುವವನೇ ಅಲ್ಲ, ಗೊತ್ತಿದ್ದೂ ಕಟ್ಟಿದ್ದಾಳೆ, ಅವನು ಆ ಗಂಟನ್ನು ಚೀಲಗಳಿಡುವ ಕಟ್ಟೆಯ ಮೇಲೆ ಮಗಳ ಚೀಲದ ಪಕ್ಕದಲ್ಲಿ ಬಿಟ್ಟು ಸ್ನಾನಕ್ಕೆ ಹೋದ, ತಿರುಗಿ ಬಂದಾಗ ಬರಿಯ ಅರಿವೆ, ನಾಲ್ಕು ಮಡಿಕೆ ಮಡಚಿ, ಅವನ ಚಪ್ಪಲಿಯ ಮೇಲೆ.

ಗೋಡೆ, ತಿರುವು, ಮೂರನೆಯ ಸುತ್ತು, ಮುತ್ತಪ್ಪ ಆಗಲೇ ಹಗ್ಗಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದಾನೆ, ನೀವು ನಡೀರಿ ಸಾಹೇಬ್ರ, ನನ್ನ ಡಬ್ಬಿ ಹಳಿ ಬಿಟ್ಟೈತಿ — ನೀರೊಳಗೆ ಮತ್ತೆ ಮೌನ, ಮೌನದಲ್ಲಿ ಹಾಸುಗಲ್ಲು, ಬೇಡವೆಂದರೂ ಅದೇ, ಮನೆಯ ಪಡಸಾಲೆಯ ಶಹಾಬಾದ ಕಲ್ಲು, ಸಂಜೆ ಐದೂವರೆ, ಫೌಂಡ್ರಿಯ ಪಾಳಿ ಮುಗಿಸಿ ಬಂದು ನಲ್ಲಿಯ ಹತ್ತಿರ ಕಾಲು ತೊಳೆದು, ಒರೆಸಿಕೊಳ್ಳದೆ, ಬಂದು ಕುರ್ಚಿಯಲ್ಲಿ ಕುಳಿತಿದ್ದ, ಗೇಟು ಕಿರುಗುಟ್ಟಿತು, ಪ್ರಮಿಳಾ, ಅವಳ ಕೊರಳಲ್ಲಿ ಬಾಡಿದ ಸೇವಂತಿಗೆ ಮಾಲೆ, ಗೇಟಿನಾಚೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತ ಲಕ್ಷ್ಮಣ — ಲಕ್ಷ್ಮಣ, ಅವನದೇ ಪ್ಯಾಟರ್ನ್ ಶಾಪಿನ ಹುಡುಗ, ಖಾನಾಪುರದ ಕಡೆಯ ಕುರಿ ಕಾಯುವ ಸಾತಪ್ಪನ ಮಗ, ಏಳು ವರ್ಷ ಅವನ ಕೈಕೆಳಗೆ ಸಾಗವಾನಿ ಕೆತ್ತಿ, ಎರಕದ ಅಚ್ಚಿಗೆಂದು ಮರಳಿನಲ್ಲಿ ಒತ್ತುವ ಪ್ಯಾಟರ್ನ್ ಮಾಡುವುದನ್ನು ಕಲಿತವನು, ಹುಷಾರೋ ಲಕ್ಷ್ಮಣಾ, ಮರಳೊಳಗಿಂದ ಪ್ಯಾಟರ್ನ್ ಎತ್ತೂವಾಗ ಜಗ್ಗಬಾರದು, ಮೈಗೆ ಒಂಚೂರು ಓರೆ ಇಟ್ಟಿದ್ರ ಅದು ತಾನ ಬರತೈತಿ, ಜಗ್ಗಿದ್ರ ಅಚ್ಚ ಒಡೀತೈತಿ, ಎಂದು ಅವನಿಗೆ ಎಷ್ಟು ಸಲ ಹೇಳಿದ್ದ, ಮಧ್ಯಾಹ್ನ ಒಂದೇ ಡಬ್ಬಿಯ ರೊಟ್ಟಿ ತಿಂದಿದ್ದ, ಹುಡುಗ ನನ್ನ ಮಗ ಇದ್ದಂಗ ಎಂದು ಶಾಪಿಗೆಲ್ಲ ಹೇಳಿದ್ದ, ಮಗನ ಹಾಗೆ ಸರಿ, ಅಳಿಯನಾಗಿ? ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಅವನು, ರಜಿಸ್ಟ್ರಾರ್ ಆಫೀಸಿನ್ಯಾಗ ಆತಪ್ಪಾ, ನಿನಗ ಹೇಳೂ ಧೈರ್ಯ ಆಗ್ಲಿಲ್ಲ, ಎಂದಳು, ಬಗ್ಗಿದಳು, ಎರಡು ಕೈಗಳು ಕೆಳಗಿಳಿದು ಬಂದವು, ಅವನು ಕಾಲು ಹಿಂದಕ್ಕೆ ಜಗ್ಗಿಕೊಂಡ.

ಕುರ್ಚಿಯ ಅಡಿಗೆ. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ, ಬಾಗಿಲು ಹಾಕಲಿಲ್ಲ, ಒಂದು ಗೇಣಿನಷ್ಟು ಎಳೆದುಕೊಂಡ. ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆ ಉಳಿದವು, ಬೆರಳು ಐದೈದೂ ಬಿಡಿಬಿಡಿಯಾಗಿ, ಪ್ಯಾಟರ್ನ್ ಎತ್ತಿದ ಮೇಲೆ ಮರಳಿನಲ್ಲಿ ಉಳಿಯುತ್ತದಲ್ಲ, ಇಲ್ಲದ ವಸ್ತುವಿನ ಆಕಾರ, ಹಾಗೆ, ಅವಳ ಕೈಗಳು ಕಾಲಿನ ಬದಲು ಅದರ ಮೇಲೆ ಊರಿದವು, ಒಂದು ಗಳಿಗೆ ತಡೆದಳು, ಕೈ ತಪ್ಪಿ ಬಿತ್ತೋ ಏನೋ ಎಂದು ನೋಡಿದಳೇನೋ, ಆಮೇಲೆ ಆ ಹೆಜ್ಜೆಯ ಒದ್ದೆಯನ್ನೇ ಅಂಗೈಯಲ್ಲಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ಎದ್ದಳು, ಹೋದಳು, ಗೇಟು ಹಾಕಿದ ಸದ್ದು ಕೂಡ ಮೆಲ್ಲಗೆ. ಗೌರವ್ವ ಒಳಗಿನಿಂದ ಓಡಿಬಂದು, ಹೋದಳೇನ್ರೀ, ಏನಂದ್ರಿ, ಏನಂದ್ರಿ ಆಕಿಗೆ, ಎಂದಳು, ಏನೂ ಅನ್ನಲಿಲ್ಲ, ಖರೇ, ಏನೂ ಅನ್ನಲಿಲ್ಲ, ಹೆಜ್ಜೆಗಳನ್ನು ನೋಡುತ್ತ ಕುಳಿತಿದ್ದ, ಮೊದಲು ಬೆರಳುಗಳು ಆರಿದವು, ಆಮೇಲೆ ಪಾದದ ಅಂಚು, ಕಡೆಗೆ ಹಿಮ್ಮಡಿ, ಹಿಮ್ಮಡಿ ಆರಲು ಎಷ್ಟು ಹೊತ್ತು ಹಿಡಿಯಿತು, ನಾಲ್ಕು ವರ್ಷದಲ್ಲಿ ಆ ಕಲ್ಲನ್ನು ಎಷ್ಟು ಸಲ ತೊಳೆದಿದ್ದಾರೆ, ಇವತ್ತಿಗೂ ಅವನು ಅಲ್ಲಿ ಕಾಲಿಡುವುದಿಲ್ಲ, ಸುತ್ತಿ ಹೋಗುತ್ತಾನೆ. ಲಕ್ಷ್ಮಣ ಮರುವಾರವೇ ಶಾಪು ಬಿಟ್ಟ, ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಬಡಗಿಯಾದನಂತೆ, ಹೋಗುವ ಮುನ್ನ ತನ್ನ ಉಳಿಗಳನ್ನೆಲ್ಲ ಮಸೆದು, ಎಣ್ಣೆ ಸವರಿ, ಗುರುಪಾದಪ್ಪನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದ.

ನಾಲ್ಕನೆಯ ಸುತ್ತು, ತೋಳು ಭಾರವಾಗುತ್ತಿದೆ, ಕೊರಳಿಗೆ ಬಿಗಿದು ಕಟ್ಟಿದ ಲಿಂಗದ ವಸ್ತ್ರ ಒದ್ದೆಯಾಗಿ ಎದೆಗಂಟಿದೆ, ಎದುರಿನಿಂದ ಮತ್ತೆ ಅವಳು, ಮತ್ತೆ ಭುಜ, ಮತ್ತೆ ಏರು — ಹೊಳೆಯಲ್ಲಿ ಹೀಗೇ ಏರುಗಳು ಬರುತ್ತಿದ್ದವು ಅಂದು, ಮಲಪ್ರಭೆಯ ದಂಡೆ, ಕಳೆದ ದಸರೆಯ ಮರುದಿನ, ಮನೆಯಲ್ಲಿ ಹೇಳದೆ ರೈಲು ಹತ್ತಿ ದೇಸೂರ ದಾಟಿ ಖಾನಾಪುರಕ್ಕೆ ಇಳಿದಿದ್ದ, ಮಗಳ ಮನೆ ಕೇಳಿಕೊಂಡು ಹೋಗಿಯೇ ಬಿಡುವುದೆಂದು, ಹೋಗಿ? ಹೋಗಿ ಏನೆಂದು ಹೇಳುವುದು, ಕಾಲು ತಂದೀನಿ ಮುಟ್ಟು ಎಂದೇ? ಕಾಲು ಹೊಳೆಯ ಕಡೆಗೆ ಒಯ್ದಿತು, ಅಲ್ಲಿ ಒಬ್ಬ ಮುದುಕಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕರಿಯ ಕಂಬಳಿಯನ್ನು ಕಲ್ಲಿಗೆ ಬಡಿಯುತ್ತಿದ್ದಳು, ಯಜಮಾನ್ರ, ಅಲ್ಲಿ ನಿಂದರಬ್ಯಾಡ್ರಿ, ಆಳ ಐತಿ, ಈಜಾಕ ಬರತೈತೇನ್ರಿ, — ಬರತೈತವ್ವಾ, — ಬಂದ್ರೂ ಬಾಜೂಕ ನಿಲ್ರಿ, ಈ ಹೊಳಿ ಈಜಿನ್ಯಾಗ ಪಾಸ್ ಆದಾವ್ರನ್ನೂ ಒಯ್ದೈತಿ, ನನ್ನ ಸೊಸಿ ಒಬ್ಬಾಕಿ ಅದಾಳ್ರಿ, ಮೀನ ಇದ್ದಂಗ ಈಜತಾಳ, ಬೆಳಗಾವ್ಯಾಗ ಸಾಲಿ ಕಲಿಸೂ ಬಾಯಿ, ಸೋಮವಾರ ಬುಧವಾರ ಶುಕ್ರವಾರ ನಸಕಿನ್ಯಾಗ ಮೊದಲನೇ ಬಸ್ಸಿಗೆ ಹೋಗಿ ಅಲ್ಲಿ ಕಟ್ಟಿಸಿದ ಹೊಂಡದಾಗ ಈಜಿ ಆಮ್ಯಾಲ ಸಾಲಿಗೆ ಹೋಗ್ತಾಳ, ಯಾರ ಕಲಿಸ್ಯಾರ ತಂಗಿ ನಿನಗ ಅಂದ್ರ, ನಮ್ಮಪ್ಪ, ಅಂತಾಳ. ಗುರುಪಾದಪ್ಪನ ಕಿವಿಯಲ್ಲಿ ಹೊಳೆಯ ಸದ್ದು ನಿಂತುಹೋಗಿತ್ತು. ಮುದುಕಿ ಕಂಬಳಿ ಹಿಂಡುತ್ತ ಹೇಳುತ್ತಲೇ ಇದ್ದಳು, ಆ ಅಪ್ಪ ಅದಾನಂತ್ರಿ ಬೆಳಗಾವ್ಯಾಗ, ಕಲ್ಲ ಅಂದ್ರ ಕಲ್ಲ, ಬರಂಗಿಲ್ಲ ಕರಿಯಂಗಿಲ್ಲ, ಈ ರೇಣವ್ವ, ಅಂದ್ರ ನಾನು, ಒಮ್ಮೆ ಅಂವನ್ನ ಕಂಡಳಂದ್ರ ಈ ಕಂಬಳಿ ಬಡದಂಗ ಬಡೀತಾಳ ನೋಡ್ರಿ, ಎಂದು ತಾನೇ ನಕ್ಕಳು, ನೀವು ಎಲ್ಲಿಯವರ್ರೀ, — ದೇಸೂರಾಂವ, — ಯಾರ ಮನಿಗೆ ಬಂದಿದ್ರಿ, — ಯಾರ ಮನಿಗೂ ಅಲ್ಲ, ರೈಲಿಗೆ ಹೊತ್ತ ಐತಿ ಅಂತ. ಕಂಬಳಿಯ ಒಂದು ತುದಿ ಹಿಡ್ಕೋರಿ ಹಂಗಾದ್ರ, ಎಂದಳು, ಇಬ್ಬರೂ ಎರಡು ತುದಿ ಹಿಡಿದು ಹಿಂಡಿದರು, ಬೀಗರು, ಒಬ್ಬರಿಗೆ ಗೊತ್ತು ಒಬ್ಬರಿಗೆ ಗೊತ್ತಿಲ್ಲ, ನೀರು ಅವನ ಪಾದದ ಮೇಲೆ ಸುರಿಯಿತು.

ನಮ್ಮಪ್ಪ, ಅಂತಾಳ. ಹೌದು, ಅವನೇ ಕಲಿಸಿದ್ದು, ದೇಸೂರಿನ ಹೊಲದ ಬಾವಿಯಲ್ಲಿ, ಆರು ವರ್ಷದವಳು, ಬೆನ್ನಿಗೆ ಬೆಂಡು ಕಟ್ಟಿ, ಶಿವಬಸವ್ವ ಎಂದು ತೊಟ್ಟಿಲಲ್ಲಿ ಇಟ್ಟ ಹೆಸರು, ಅವನ ತಾಯಿಯ ಹೆಸರು, ಹೆಸರು ಹಿಡಿದು ಗದರಲು ನಾಲಿಗೆ ಏಳುತ್ತಿರಲಿಲ್ಲ, ಸಾಲಿಗೆ ಹಾಕುವಾಗ ಪ್ರಮಿಳಾ ಆದಳು, ಮನೆಯಲ್ಲಿ ಅವನಿಗೆ ಮಾತ್ರ ಅವ್ವಿ, ಅವ್ವೀ, ನನ್ನ ಹಿಂದ ಬಾ, ಗೋಡಿ ಬಿಡಬ್ಯಾಡ, ಬಾವಿ ದುಂಡಗ ಐತಿ, ಸುತ್ತ ಹಾಕಿದ್ರ ಮತ್ತ ಮೆಟ್ಟಿಲಿಗೇ ಬರ್ತೀವಿ, ಮುಂದೆ ಅವನು, ಹಿಂದೆ ಅವಳು, ಬಾವಿಯ ನೀರು ಕಪ್ಪು, ತಿರುಗಿ ನೋಡಿದರೆ ಮುಳುಗುತ್ತೇನೆಂಬ ಹೆದರಿಕೆ ಅವಳಿಗೆ ಹತ್ತೀತೆಂದು ಅವನು ತಿರುಗುತ್ತಿರಲಿಲ್ಲ, ಅದಕ್ಕೆ ಇಬ್ಬರ ನಡುವೆ ಒಂದು ಕರಾರು, ಅಂಗಾಲಿಗೆ ಒಂದು ಸಲ ಮುಟ್ಟಿದರೆ ಅಪ್ಪಾ ಇಲ್ಲೇ ಅದೀನಿ, ಎರಡು ಸಲ ಮುಟ್ಟಿದರೆ ಅಪ್ಪಾ ದಣದೀನಿ, ಎರಡು ಮುಟ್ಟಿದ ಗಳಿಗೆಗೆ ಅವನು ನಿಂತು, ತಿರುಗಿ, ದಣದಿಯೇನವ್ವಾ, ಎಂದು ಕೇಳಿ ಬೆನ್ನು ಕೊಡುತ್ತಿದ್ದ, ಅವಳು ಕಪ್ಪೆಯಂತೆ ಕೊರಳು ತಬ್ಬಿ ಹತ್ತಿ ಕೂಡುತ್ತಿದ್ದಳು, ಕಿವಿಯಲ್ಲಿ ಅವಳ ಬಿಸಿ ಉಸಿರು. ಅದೆಲ್ಲ ಗೊತ್ತಿದ್ದೂ, ಗೊತ್ತಿದ್ದೂ, ಫೆಬ್ರುವರಿಯ ಆ ಶುಕ್ರವಾರ, ಲೇನಿನಲ್ಲಿ ಇವರಿಬ್ಬರ ಹೊರತು ಯಾರೂ ಇರಲಿಲ್ಲ, ಅವಳಿಗೆ ಮುಂದೆ ಹೋಗಬೇಕಿದ್ದರೆ ನಡುವಿನಿಂದ ದಾಟಿ ಹೋಗಬಹುದಿತ್ತು, ಆದರೂ ಮುಟ್ಟಿದಳು, ಒಂದು ಸಲ, ಮತ್ತು — ಇನ್ನೊಂದು ಸಲ. ಅವನು ಏನು ಮಾಡಿದ? ಕಟ್ಟಳೆಯನ್ನು ಮೂರು ವಾರದಿಂದ ಗಟ್ಟಿ ಮಾಡಿಕೊಂಡಿದ್ದ ಮನುಷ್ಯ, ಸೀಟಿಗೆ ಹೆದರಿದ ಮನುಷ್ಯ, ನೆಟ್ಟಗೆ ಗೋಡೆಗೆ ಹೋದ, ಮೂಲೆ ಸೇರಿದ, ಕಾಲು ಒಳಕ್ಕೆ ಎಳೆದುಕೊಂಡ, ದಾರಿ ಬಿಟ್ಟ. ಅವಳು ಗೋಡೆಯ ಹತ್ತಿರ ಬಂದು ಹೋಗದೆ ನಿಂತಳು, ಅವನ ಎಳೆದುಕೊಂಡ ಕಾಲುಗಳನ್ನು ನೀರಿನ ಮೂಲಕ ನೋಡಿದಳು, ಹೋಗ್ರಿ ಮೇಡಂ, ದಾರಿ ಬಿಟ್ಟಾರಲ್ಲ, ಎಂದ ಬೀರಣ್ಣ, ಹೋದಳು. ಮನೆಗೆ ಬಂದು ಚಹದ ಬಟ್ಟಲು ಕೈಯಲ್ಲಿ ಹಿಡಿದಾಗ ಹೊಳೆಯಿತು, ಎರಡು, ಎರಡು ಸಲ ಮುಟ್ಟಿದ್ದಳು, ಬಟ್ಟಲು ಕೆಳಗಿಟ್ಟ, ಗೌರವ್ವ, ಯಾಕ್ರೀ, ಸಕ್ಕರಿ ಕಡಿಮಿ ಆತೇನು, ಎಂದಳು. ಎರಡನೆಯ ಸಲವೂ ಕಾಲು ಎಳೆದುಕೊಂಡಿದ್ದ. ಅದರ ಮೇಲೆ ಇಂದಿನ ತನಕ ಅವಳು ಒಂದೇ ಸಲ ಮುಟ್ಟಿದ್ದಾಳೆ, ಬರೆದಿಟ್ಟಂತೆ, ಒಂದೇ ಸಲ, ಸರ ಎಂದಂತೆ.

ಐದನೆಯ ಸುತ್ತು, ಇದೂ ಒಂದು ಬಾವಿಯೇ ಅಲ್ಲವೇ, ಉದ್ದಕ್ಕೆ ಎಳೆದ ಬಾವಿ, ಎಡ ಹಿಡಿದು ಹೋಗಿ ಎಡ ಹಿಡಿದು ಬರುವುದು, ಹಾಗಾದರೆ ಮುಂದೆ ಹೋದವಳು ಸುತ್ತು ಹಾಕಿ ಹಿಂದಿನಿಂದಲೇ ಬರಬೇಕು, ಅವಳ ವೇಗಕ್ಕೆ ಈ ಸುತ್ತಿನಲ್ಲಿ, ತಪ್ಪಿದರೆ ಮುಂದಿನ ಸುತ್ತಿನಲ್ಲಿ, ಬೆರಳು ಬಂದೇ ಬರುತ್ತದೆ, ಬೀರಣ್ಣನಿಗೆ ಈ ಲೆಕ್ಕ ಹೊಳೆದಿಲ್ಲ, ಗುರುಪಾದಪ್ಪ ಇನ್ನಷ್ಟು ಮೆಲ್ಲಗಾದ, ಈ ಸಲ ನಿಲ್ಲುತ್ತೇನೆ, ಒಂದೇ ಸಲ ಮುಟ್ಟಿದರೂ ನಡುನೀರಿನಲ್ಲಿ ನಿಂತುಬಿಡುತ್ತೇನೆ, ಸೀಟಿ ಹೊಡೆಯಲಿ, ಕಟ್ಟೆಯೆಲ್ಲ ನಗಲಿ — ಅಂಗಾಲುಗಳು ಕಾದವು, ಗೋಡೆ ಬಂತು, ಹೋಯಿತು, ಆರನೆಯ ಸುತ್ತು, ಬೆರಳಿಲ್ಲ, ಎದುರಿನಿಂದಲೂ ಯಾರೂ ಬರಲಿಲ್ಲ, ಭುಜವಿಲ್ಲ, ಏರು ಇಲ್ಲ, ಎಲ್ಲಿ ಹೋದಳು, ಹತ್ತಿ ಹೊರಟಳೇ, ಹೇಳದೆ ಹೊರಟೇಬಿಟ್ಟಳೇ, ತಲೆ ಎತ್ತಲು ಹೋಗಿ ನೀರು ಕುಡಿದ — ಆಗ ಮುಂದೆ, ಕೈಯಳತೆಯಲ್ಲಿ, ಗುಳ್ಳೆಗಳು. ಗುಳ್ಳೆಗಳ ನಡುವೆ ಎರಡು ಅಂಗಾಲು.

ಇಷ್ಟು ಮೆಲ್ಲಗೆ ಅವಳು ಎಂದೂ ಈಜಿದವಳಲ್ಲ, ಕಾಲುಗಳು ನೀರನ್ನು ಹೊಡೆಯುತ್ತಲೇ ಇಲ್ಲ, ಸುಮ್ಮನೆ ಸವರುತ್ತಿವೆ, ಒಮ್ಮೆ ಇದು ಒಮ್ಮೆ ಅದು, ದಂಡೆಯ ಮೇಲಿನಿಂದ ಬೀರಣ್ಣನ ದನಿ ನೀರಿನಲ್ಲಿ ಮಸುಕಾಗಿ, ಯಾಕ್ರೀ ಮೇಡಂ, ಇವತ್ತ ನೀವೂ ಮಾಲಗಾಡಿ ಆದ್ರೇನು — ಗೊತ್ತಿತ್ತು ಅವಳಿಗೆ, ಅವನಿಗೆ ನೀರೊಳಗೇ ಮೈ ಬಿಸಿಯಾಯಿತು, ಮೊದಲಿನಿಂದ ಗೊತ್ತಿತ್ತು, ಮುದುಕ ಯಾಕೆ ಓಡಿ ಬಂದು ಮುಂದೆ ನಿಲ್ಲುತ್ತಾನೆ, ಯಾಕೆ ಕಳ್ಳನಂತೆ ಮೆಲ್ಲಗೆ ಹೋಗುತ್ತಾನೆ, ಎಲ್ಲ ಗೊತ್ತಿದ್ದೇ ಮೂರು ತಿಂಗಳು ಬಂದು ಬಂದು ಮುಟ್ಟಿದ್ದಾಳೆ, ಈಗ ಅದೇ ಆಟವನ್ನು ಅವನ ಮುಂದೆ ಹಾಸಿದ್ದಾಳೆ. ಎಡಗಾಲಿನ ಹಿಮ್ಮಡಿಯ ಮೇಲೆ ಬಿಳಿಯ ಗೀಟು, ಬಾವಿಯ ಮೆಟ್ಟಿಲು ಹರಿದ ಗಾಯ, ಏಳನೆಯ ವಯಸ್ಸಿನದು, ಅವನೇ ಅರಿಸಿನ ತುಂಬಿದ್ದ, ಮತ್ತು ಹಿಮ್ಮಡಿಯ ಆ ಅಗಲ, ಹೆಬ್ಬೆರಳಿನ ಆ ಡೊಂಕು, ಇದು ಅವನ ತಾಯಿಯ ಕಾಲು, ಕಡೆಯ ಎರಡು ವರ್ಷ ಹಾಸಿಗೆಯ ಬದಿಗೆ ಕುಳಿತು ದಿನವೂ ಒತ್ತಿದ ಕಾಲು, ಶಿವಬಸವ್ವನ ಕಾಲು, ಮಗಳ ಕಾಲನ್ನು ಅಪ್ಪ ಮುಟ್ಟಬಾರದೆಂದು ಯಾವ ಗೋಡೆಯ ಮೇಲೆ ಬರೆದಿದೆ, ಬೀರಣ್ಣನ ಗೋಡೆಯ ಮೇಲಂತೂ ಇಲ್ಲ, ಕೈ ಚಾಚಿದ, ಒಂದು ಗೇಣು ಉಳಿಯಿತು, ಎಳೆದುಕೊಂಡ ಕಾಲಿನಷ್ಟೇ ಒಂದು ಗೇಣು, ಇನ್ನೊಂದು ಸಲ ಚಾಚಿದ, ಬೆರಳು ತಾಗಿತು, ಎಷ್ಟು ತಣ್ಣಗಿದೆ, ಒಂದು ಸಲ, ಅಂಗಾಲು ಬೆಚ್ಚಲಿಲ್ಲ, ಕಾಯುವ ಅಂಗಾಲು ಬೆಚ್ಚುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು, ಒಂದೇ ಆದರೆ ದಾರಿ ಕೇಳಿದಂತಾಗುತ್ತದೆ, ಅವನಿಗೆ ದಾರಿ ಬೇಕಾಗಿಲ್ಲ, ಮತ್ತೆ ಮುಟ್ಟಿದ, ಎರಡು, ಮುಟ್ಟಿದ ಕೈ ಈಜನ್ನು ಮರೆತು ತಾನಾಗಿಯೇ ಬಂದು ಕಣ್ಣಿಗೆ ಒತ್ತಿಕೊಂಡಿತು, ಕನ್ನಡಕದ ಗಾಜು ಅಡ್ಡ ಬಂತು, ಗಾಜಿನ ಮೇಲೆಯೇ ಒತ್ತಿಕೊಂಡ.

ಅವಳು ನಡುನೀರಿನಲ್ಲಿ ನಿಲ್ಲಲಿಲ್ಲ, ಕಟ್ಟಳೆಯಂತೆ ಗೋಡೆಯ ತನಕ ಹೋದಳು, ಮೂಲೆಗೆ ಸರಿದಳು, ಕಾಲುಗಳನ್ನು ಒಳಕ್ಕೆ ಎಳೆದುಕೊಂಡಳು — ಎಳೆದುಕೊಂಡಳು, ದಾರಿ ಬಿಟ್ಟದ್ದೋ, ಅಂದಿನದನ್ನು ತಿರುಗಿ ಕೊಟ್ಟದ್ದೋ, ಗೋಡೆಯ ನೀಲಿ ಹಂಚು ಅವನ ಮುಂದೆ ಖಾಲಿಯಾಗಿದೆ, ಮುಟ್ಟಿ ತಿರುಗಿ ಹೋಗಬೇಕು, ಹೋಗ್ರಿ ಗುರುಪಾದಪ್ಪನವರ, ಹೋಗ್ರಿ, ಮೇಡಂ ದಾರಿ ಬಿಟ್ಟಾರ, ಸೀಟಿ, ಮತ್ತೊಂದು ಸೀಟಿ, ಅವನು ಗೋಡೆ ಹಿಡಿದು ನಿಂತ, ಹೋಗಲಿಲ್ಲ, ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಅವನಿಗೆ ಕಾಣುವುದು ಬೆನ್ನು, ಬೆಂಡು ಕಟ್ಟದ ಬೆನ್ನು, ಅದು ಏರುತ್ತಿದೆ, ಇಳಿಯುತ್ತಿದೆ, ತಿರುಗದೆಯೇ, ಗೋಡೆಗೆ ಹೇಳಿದಂತೆ, ಮೆಲ್ಲಗೆ, ದಣದಿಯೇನಪ್ಪಾ, ಎಂದಳು — ಹೂಂ ಎನ್ನಲು ಬಾಯಿ ತೆರೆದ, ಬಾಯಿಗೆ ನೀರು ಬಂತು, ಈ ನೀರು ಹೊಂಡದ್ದಲ್ಲ, ಉಪ್ಪು, ನೀರಿನ ಕೆಳಗೆ ಅವಳ ಕೈ ಗೋಡೆ ಬಿಟ್ಟು ಹಿಂದಕ್ಕೆ ತಡಕಾಡುತ್ತ ಬರುತ್ತಿದೆ, ಅಂಗೈ ತೆರೆದಿದೆ, ಕಣ್ಣ ಮುಂದೆ ಮತ್ತೆ ಆ ಶಹಾಬಾದ ಕಲ್ಲು, ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆ, ಬೆರಳು ಆರಿವೆ, ಅಂಚು ಆರಿದೆ, ಹಿಮ್ಮಡಿ, ಅಲ್ಲಿ ಒಂದು ಅಂಗೈ, ಹಿಮ್ಮಡಿ ಇನ್ನೂ ಆರಿಲ್ಲ, ಇನ್ನೂ ಆರಿಲ್ಲ —